ಗಂಟೆಗೋಪುರದ ಗುಂಡಿಯಲ್ಲಿ ಮಲಗಿದ್ದು

ಜನವರಿ 9, ಬೆಳಿಗ್ಗೆ ಹನ್ನೊಂದು

ಹತ್ತೊಂಬತ್ತು ಕೂಸು ತೂಗಿದ್ದಾಯಿತು. ಬೇವಿನ ಕೊಂಬೆಗೆ ತಕ್ಕಡಿ ಕಟ್ಟಿ, ಒಂದೊಂದನ್ನೂ ಚೀಲದಲ್ಲಿ ಕೂರಿಸಿ. ಅರ್ಧ ಅತ್ತವು. ಮೂರು ಉಚ್ಚೆ ಹೊಯ್ದವು. ಒಂದು ನನ್ನ ಪೆನ್ನು ಕಚ್ಚಿತು. ಧೂಳುಗಾಳಿ ಶುರುವಾಗಿದೆ, ತುಟಿ ಒಡೆದಿದೆ. ರಿಜಿಸ್ಟರಿನ ಮೇಲೆ ಬೆರಳಿಟ್ಟರೆ ಗುರುತು ಬೀಳುತ್ತದೆ.

ಊರಿಗೆ ಊರೇ ಗುಡಿಸುತ್ತಿದೆ. ಹದಿನಾಲ್ಕಕ್ಕೆ ಹೊರದೇಶದ ಚರ್ಚಿನವರು ಬರುತ್ತಾರೆ. ಅವರು ಬರತೊಡಗಿ ಇದು ಇಪ್ಪತ್ತೈದನೇ ವರ್ಷ.

ಊರ ಮುಖ್ಯಸ್ಥ ದಕೂರಾ ಕೋಲೂರಿಕೊಂಡು ಬೇವಿನ ಕೆಳಗೆ ಬಂದ. "ಏನಮ್ಮಾ ಅತಂಪೋಕಾ, ಊರಲ್ಲಿ ಒಂದ್ ನಾಯೀನೂ ಕಾಣ್ತಿಲ್ಲ. ನಿನ್ನೊಲೆ ಮಾತ್ರ ಬೆಳಿಗ್ಗೆಯಿಂದ ಉರೀತಾನೇ ಇದೆ."

"ತಲೆ ನಿಮಗೇ ಎತ್ತಿಟ್ಟಿದೀನಿ ಯಜಮಾನ್ರೇ. ಹಲ್ಲಿಲ್ದೋರು ಚೀಪ್ಬಹುದು."

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಮುದುಕನಿಗೂ ಖುಷಿ. ನಾನು ಫ್ರಾಫ್ರಾ ಜನಾಂಗದವಳು, ಇವರು ದಗಾಬಾ; ನಾವು ನಾಯಿ ತಿನ್ನುವವರೆಂದು ಇವರ ಗೇಲಿ. ಅಜ್ಜಂದಿರ ಕಾಲದಿಂದ ಬಂದ ಹಾಸ್ಯದ ನಂಟು. ನಾವೇನಂದರೂ ಇವರು ಸಿಟ್ಟಾಗುವಂತಿಲ್ಲ. ಇವರಂದರೆ ನಾವೂ ಅಷ್ಟೇ. ನವೆಂಬರಿನಲ್ಲಿ ದಕೂರಾನ ಚಿಕ್ಕಪ್ಪ ತೀರಿಕೊಂಡಾಗ ಹೂಳಲು ತೋಡಿದ ಗುಂಡಿಗಿಳಿದು ಮಲಗಿಬಿಟ್ಟಿದ್ದೆ. ಗಿನಿಕೋಳಿ ಕೈಗೆ ಬರುವ ತನಕ ಏಳಲಿಲ್ಲ. ಹೆಣ ಕಾಯಿತು. ಅಳುತ್ತಿದ್ದ ವಿಧವೆ ಕೂಡ ನಕ್ಕಳು. ಇಂಥದಕ್ಕೇ ನಾವಿರುವುದು.

ಸೂಲಗಿತ್ತಿ ನರ್ಸಾಗಿ ಈ ಊರಿಗೆ ಬಂದು ಹನ್ನೊಂದು ವರ್ಷ. ತಕ್ಕಡಿ ಇದೆ, ರಿಜಿಸ್ಟರ್ ಇದೆ. ಹೆರಿಗೆ ಮಾಡಿಸಲು ಕೋಣೆ ಮಾತ್ರ ಇಲ್ಲ.

ಜನವರಿ 11, ಸಂಜೆ

ಸಭೆ ಇತ್ತು. ಶಾಲೆ ಮೇಷ್ಟ್ರು ಪ್ಲಾನಿನ ಹಾಳೆ ಬಿಡಿಸಿದರು. ಇಪ್ಪತ್ತೈದು ವರ್ಷದ ನೆನಪಿಗೆ ಚರ್ಚಿನವರು ಗಂಟೆಗೋಪುರ ಕಟ್ಟಿಸುತ್ತಾರಂತೆ. ಕಲ್ಲಿನದು, ಮೂರಾಳೆತ್ತರ. ಗಂಟೆ ಆಗಲೇ ಹಡಗಿನಲ್ಲಿ ಬಂದಿಳಿದಿದೆ.

ಎಲ್ಲರೂ ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ.

"ಗೋಪುರದೊಳಗೆ ಹೆರೋಕಾಗತ್ತಾ?"

ದಕೂರಾ ಪಿಟೊ ಹೆಂಡ ಕುಡಿಯುತ್ತಿದ್ದ ಸೋರೆಬುರುಡೆ ಕೆಳಗಿಟ್ಟ. "ಅತಿಥಿ ತಂದಿದ್ದನ್ನ ಬೇಡ ಅನ್ನೋ ದಗಾಬಾ ಇನ್ನೂ ಹುಟ್ಟಿಲ್ಲ ಕಣಮ್ಮ."

"ಹುಟ್ಟೋಕೆ ಎಲ್ಲಿ ಬಿಡ್ತೀರಿ. ಹಳ್ಳದ ದಡದಲ್ಲೇ ಹೋಗ್ತಾವಲ್ಲ."

ಅದು ಹಾಸ್ಯವಾಗಿರಲಿಲ್ಲ. ಯಾರೂ ನಗಲಿಲ್ಲ.

ಹೋದ ಆಗಸ್ಟ್... ಪಕ್ಕದ ಮನೆಯ ಕ್ಲೊತಿಲ್ಡಾಗೆ ನೋವು ಬಂದಾಗ ಹಳ್ಳ ತುಂಬಿತ್ತು. ಆಸ್ಪತ್ರೆ ಆ ಕಡೆ. ಕತ್ತೆಗಾಡಿಯಲ್ಲೇ, ಸುರಿಯುವ ಮಳೆಯಲ್ಲೇ ಆಯಿತು. ಕೂಸು ಉಸಿರಾಡಲಿಲ್ಲ. ಒಂದು ಒಣ ಕೋಣೆ, ಬೆಳಕು, ಉಸಿರು ತುಂಬುವ ಚೀಲ ಇದ್ದಿದ್ದರೆ ಬದುಕುತ್ತಿತ್ತು. ಇಲ್ಲಿ ಬರೆಯುತ್ತೇನೆ. ಅವಳಿಗೆ ಹೇಳಿಲ್ಲ.

ಈಗ ಅವಳಿಗೆ ಮತ್ತೆ ಮೂರು ತಿಂಗಳು. ಬೆರಳು ಮಡಚಿ ಎಣಿಸಿದೆ. ಜುಲೈ ಕೊನೆ. ಸರಿಯಾಗಿ ಹಳ್ಳ ತುಂಬುವ ಹೊತ್ತಿಗೆ.

ಜನವರಿ 14

ಬಂದರು. ಏಳು ಜನ. ಆರು ಹೊಸ ಮುಖ, ಜೊತೆಗೆ ನಮ್ಮ ಹಾಲ್ವರ್ ಪಾದ್ರಿ. ತಲೆ ಪೂರ್ತಿ ಬೆಳ್ಳಗಾಗಿದೆ. ಮಂಡಿ ಇನ್ನೂ ಕೆಟ್ಟಿದೆ.

ಊರವರಿಗೆ ಅವರು ಹಾಲ್ವರ್ ಅಲ್ಲ, ದೆರ್. ಕೂಸು ಹೋದ ಮನೆಗೆ ಅದೇ ಕೂಸು ಮತ್ತೆ ಹುಟ್ಟಿ ಬಂದರೆ ಇಲ್ಲಿ ದೆರ್ ಎಂದು ಕರೆಯುತ್ತಾರೆ. ಮೊದಲ ವರ್ಷ ಬಂದು ಹೋದಾಗ, ಇನ್ನು ಈ ಮನುಷ್ಯ ಬಂದ ಹಾಗೆಯೇ ಎಂದಿದ್ದರಂತೆ. ಮುಂದಿನ ಜನವರಿಗೆ ಲಾರಿಯಿಂದ ಇಳಿದರು. ಆವತ್ತೇ ಹೆಸರಿಟ್ಟರು.

ಪಂಪು ಅವರದು, ಶಾಲೆಯ ಮಾಡು ಅವರದು. ಯಾವ ಅಜ್ಜಿಯ ಯಾವ ಕಣ್ಣಿಗೆ ಪೊರೆ ಅಂತಲೂ ಗೊತ್ತು. ಇಲ್ಲಿನವರ ದಗಾರೆ ಮಾತು ಕಲಿತಿದ್ದು ಮಾತ್ರ ಬೈಬಲ್ಲಿನಿಂದ.

"ಅತಂಪೋಕಾ, ನಿನ್ನ ಮುಖವನ್ನು ಕಂಡು ನನ್ನ ಹೃದಯವು ಹಿಗ್ಗಿತು," ಎಂದರು. ಪಂಪಿನ ವಾಷರ್ ಬಗ್ಗೆ ಹೇಳಿದರೂ ಪ್ರವಾದಿಗಳು ಹೇಳಿದಂತೆ ಕೇಳುತ್ತದೆ.

ಇಷ್ಟವಾಗುತ್ತಾರೆ. ಅದೇ ತೊಂದರೆ.

ಜನವರಿ 15, ಸಂಜೆ ಆರು

ಗೋಪುರ ಬೇಡ, ಹೆರಿಗೆ ಕೋಣೆ ಬೇಕು ಎಂದು ಪಾದ್ರಿಗೆ ಹೇಳಲೇಬೇಕೆಂದು ಹೋದೆ. ಫೋನು ತೆಗೆದು ಫೋಟೊ ತೋರಿಸತೊಡಗಿದರು. ಹಿಮದಲ್ಲಿ ಮೇಜು ಹಾಕಿಕೊಂಡು ಕೇಕು ಮಾರುತ್ತಿರುವ ಅವರ ಚರ್ಚಿನ ಮುದುಕಿಯರು, ತಲೆಗೆಲ್ಲ ಉಣ್ಣೆ ಟೋಪಿ. ಎಲ್ಲ ಈ ಗಂಟೆಗಾಗಿ. ಒಬ್ಬಾಕೆ ಗಂಟೆ ಎರಕವಾಗುವ ಮೊದಲೇ ತೀರಿಕೊಂಡರಂತೆ. ಪಾದ್ರಿ ಕಣ್ಣೊರೆಸಿಕೊಂಡರು. ಚಂದ ಇದೆ, ಅಂದು ಬಂದೆ. ಹೇಡಿ.

ಕ್ಲೊತಿಲ್ಡಾ ಬೆಂಡೆ ಸಾರು, ಸಾಬ್ ಮುದ್ದೆ ತಂದಿಟ್ಟಳು. "ಹೇಳಿದ್ಯಾ?"

"ಇಲ್ಲ ಕಣೆ."

"ಹೋಗ್ಲಿ ಬಿಡು. ನಾನು ಗಾಡಿ ಹತ್ತೋವಾಗ ಗಂಟೆ ಆದ್ರೂ ಹೊಡೀತಾರೆ."

ನಗುತ್ತಲೇ ಅಂದಳು. ನಾನು ಮುದ್ದೆ ಪಕ್ಕಕ್ಕೆ ಸರಿಸಿದೆ.

ಜನವರಿ 16

ದಕೂರಾ ದಾರಿಯಲ್ಲಿ ಸಿಕ್ಕ. ನಿಲ್ಲಲಿಲ್ಲ. ನಡೆಯುತ್ತಲೇ ಅಂದ, "ನಾಳೆ ಗೋಪುರಕ್ಕೆ ಗುಂಡಿ ತೋಡ್ತಾರೆ. ಆಳವಾಗೇ ತೋಡಿ ಅಂದಿದೀನಿ. ಒಬ್ರು ಉದ್ದಕ್ಕೆ ಮಲಗೋ ಅಷ್ಟು."

"ಅದನ್ಯಾಕೆ ನನಗೆ ಹೇಳ್ತೀರಿ?"

"ನಾನೇನು ಹೇಳ್ದೆ? ನಾನೇನೂ ಹೇಳಿಲ್ಲಪ್ಪ."

ಮುದುಕ ನರಿ.

ಜನವರಿ 17, ಮಧ್ಯಾಹ್ನ ಮೂರು

ಕೂದಲಲ್ಲಿ ಇನ್ನೂ ಮಣ್ಣಿದೆ. ಬರೆಯಲೇಬೇಕು.

ಬೆಳಿಗ್ಗೆ ಪ್ರಾರ್ಥನೆ ಆಯಿತು. ಮಕ್ಕಳ ಹಾಡಾಯಿತು. ಮೊದಲ ಕಲ್ಲಿಗೆ ಹೂವು ಕಟ್ಟಿದ್ದರು. ಪಾದ್ರಿ ಅದನ್ನೆತ್ತಿ ಬಗ್ಗಿದರು. ನಾನು ಚಪ್ಪಲಿ ಬಿಟ್ಟು ಗುಂಡಿಗಿಳಿದು ಅಂಗಾತ ಮಲಗಿದೆ. ಯೂನಿಫಾರಮ್ಮಿನಲ್ಲೇ.

ಬಂದವರಲ್ಲಿ ಒಬ್ಬಳು ನನಗೆ ತಲೆಸುತ್ತು ಬಂತೆಂದು ನೀರಿನ ಬಾಟಲಿ ಹಿಡಿದು ಓಡಿ ಬಂದಳು.

"ಅತಂಪೋಕಾ, ನಿನಗೆ ಅಸ್ವಸ್ಥತೆಯೋ?" ಎಂದರು ಪಾದ್ರಿ.

"ಚೆನ್ನಾಗೇ ಇದೀನಿ. ಏಳಲ್ಲ ಅಷ್ಟೇ. ನನ್ನ ಮೇಲೇ ಗೋಪುರ ಕಟ್ಕೊಳಿ. ಬುನಾದಿ ಗಟ್ಟಿ ಇರತ್ತೆ, ಹನ್ನೊಂದು ವರ್ಷ ನಿಮ್ಮೂರಿನ ಮುದ್ದೆ ತಿಂದಿದೀನಿ."

ಹೆಂಗಸರ ಕಡೆಯಿಂದ ನಗು ಎದ್ದಿತು. ಪಾದ್ರಿ ನಗಲಿಲ್ಲ. ಮುಖ ಕೆಂಪಗಾಗಿತ್ತು. ಜೊತೆಯವರೆದುರು ಅವಮಾನ. ಆ ಒಂದು ಗಳಿಗೆ ನನಗೆ ನಿಜವಾಗಿ ಹೆದರಿಕೆಯಾಯಿತು. ಇಪ್ಪತ್ತೈದು ವರ್ಷದ ನಂಟನ್ನು ನನ್ನ ಬೆನ್ನಡಿ ಹಾಕಿ ಮುರಿದೆನೇನೋ ಅನ್ನಿಸಿತು.

ಆಗ ದಕೂರಾ ಕೋಲು ಕುಟ್ಟಿದ.

"ಪಾದ್ರಿಗಳೇ, ಇವಳು ನಮ್ಮ ಹಾಸ್ಯದ ನಂಟಿನವಳು. ನೀವು ನಮ್ಮ ಅತಿಥಿ ಅಂದ್ರೆ ಹೇಳಿ. ಈಗಲೇ ಎಳೆದು ಆಚೆ ಹಾಕಿಸ್ತೀನಿ, ಗೋಪುರ ಎದ್ದೇಳತ್ತೆ, ನಮ್ಮೂರ ತಪ್ಪಿಗೆ ಒಂದ್ ಕುರೀನೂ ಕೊಡ್ತೀನಿ. ಆದ್ರೆ ನೀವು ದೆರ್, ನಮ್ಮೂರಲ್ಲೇ ಹುಟ್ಟಿದೋರು ಅಂದ್ರೆ, ಅವಳು ನಿಮಗೂ ಹಾಸ್ಯದ ನಂಟಿನವಳು. ಸಿಟ್ಟಾಗೋ ಹಾಗಿಲ್ಲ. ಕೇಳಿದ್ದು ಕೊಟ್ಟು ಎಬ್ಬಿಸ್ಬೇಕು. ಯಾರು ನೀವು? ನೀವೇ ಹೇಳ್ಬೇಕು."

ಪಾದ್ರಿ ಟೋಪಿ ತೆಗೆದರು. ಮತ್ತೆ ಹಾಕಿಕೊಂಡರು. ಕಲ್ಲನ್ನು ಕೆಳಗಿಟ್ಟರು. ಆಮೇಲೆ ಆ ಕೆಟ್ಟ ಮಂಡಿ ಹಿಡಿದುಕೊಂಡು ಗುಂಡಿಗಿಳಿದು ನನ್ನ ಕಾಲ ಬಳಿ ಮಣ್ಣಲ್ಲಿ ಕುಳಿತರು.

"ನಿನಗೆ ಏನು ಬೇಕು?"

"ನಾಲ್ಕು ಗೋಡೆ. ಸೋರದ ಮಾಡು. ನೀರಿನ ತೊಟ್ಟಿ, ಬಿಸಿಲಲ್ಲಿ ತುಂಬೋ ದೀಪ. ಎರಡು ಮಂಚ. ಮಳೆಗಾಲದೊಳಗೆ."

"ಯಾತಕ್ಕಾಗಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಕ್ಲೊತಿಲ್ಡಾ ಅಂಚಿಗೆ ಬಂದು ನಿಂತಿದ್ದಳು. ಹೊಟ್ಟೆ ಮೇಲೆ ಕೈ. "ಹೋದ ವರ್ಷ ಹಳ್ಳದ ದಡದಲ್ಲಿ ನನ್ನ ಮಗು ಹೋಯ್ತು. ಇದು ಜುಲೈಗೆ ಬರತ್ತೆ. ಹಳ್ಳಾನೂ ಬರತ್ತೆ." ಅಷ್ಟೇ ಅಂದಳು.

ಪಾದ್ರಿ ಒಂದು ಹಿಡಿ ಮಣ್ಣು ಎತ್ತಿ ನೋಡಿದರು. "ಇಷ್ಟು ವರ್ಷಗಳಲ್ಲಿ ಒಬ್ಬರೂ ನನಗೆ ಬೇಡವೆಂದು ಹೇಳಲಿಲ್ಲ."

"ಅತಿಥಿಗೆ ಯಾರು ಹೇಳ್ತಾರೆ?" ಅಂದೆ.

"ಹಾಗಾದರೆ ನಾನು ದೆರ್," ಎಂದರು. ಮೇಲೆ ನೋಡಿ ಇನ್ನೊಮ್ಮೆ ಗಟ್ಟಿಯಾಗಿ ಅಂದರು. "ಗಂಟೆಗಾಗಿ ಕೇಕು ಮಾರಿದ ಆ ಅಜ್ಜಿಯರಿಗೆ ನಾನೇ ಹೇಳುತ್ತೇನೆ. ಅವರೂ ಹೆತ್ತವರು."

ಹೆಂಗಸರ ಕೇಕೆಗೆ ಬೇವಿನ ಹಕ್ಕಿಗಳೆಲ್ಲ ಎದ್ದುಹೋದವು. ನಾನು ಮಲಗಿದ್ದಲ್ಲೇ ಅತ್ತೆ. ಕಿವಿಯೊಳಕ್ಕೆಲ್ಲ ನೀರು. ದಕೂರಾ ಕೋಲು ಚಾಚಿದ.

"ಎದ್ದೇಳು ಸಾಕು. ಅದೇನು ಎರಡು ಮಂಚ? ಇನ್ನೊಂದು ನಿನ್ನ ನಾಯಿಗಾ?"

"ನಿಮಗೆ. ಮುಂದಿನ ಸಲ ನೀವೇ ಹೆರಬಹುದು."

ಪಾದ್ರಿಯನ್ನು ಗುಂಡಿಯಿಂದ ಮೇಲೆತ್ತಲು ನಾಲ್ಕು ಜನ ಬೇಕಾಯಿತು.

ಫೆಬ್ರವರಿ 20

ಅದೇ ಗುಂಡಿಯನ್ನು ಉದ್ದಕ್ಕೆ ಎಳೆದರು. ಗೋಪುರಕ್ಕೆ ತಂದಿದ್ದ ಕಲ್ಲೇ ಸಾಕಾಯಿತು. ಗೋಡೆ ಸೊಂಟದವರೆಗೆ ಬಂದಿದೆ. ಟೀಮಿನವರು ಹೋಗುವ ಮುನ್ನ ಒಬ್ಬೊಬ್ಬರೂ ಒಂದು ಸಾಲು ಕಲ್ಲು ಕೂರಿಸಿ ಹೋದರು. ಅವರದು ಸೊಟ್ಟ. ಗಾರೆಯವನು ಕೀಳೋಣವಾ ಅಂದ. ಇರಲಿ ಬಿಡು ಅಂದೆ.

ಏಪ್ರಿಲ್ 4

ನೆಲ ಬಡಿದೆವು. ಮೂರು ಊರಿನ ಹೆಂಗಸರು, ಮರದ ಹಲಗೆ ಹಿಡಿದು, ಸಾಲಾಗಿ ಬಗ್ಗಿ. ಮಣ್ಣಿಗೆ ಸಗಣಿ ನೀರು ಚಿಮುಕಿಸಿ ಬಡಿದರೆ ಸಿಮೆಂಟಿಗೂ ನಾಚಿಕೆಯಾಗಬೇಕು. ಹಾಡೆಲ್ಲ ನನ್ನ ಮೇಲೆಯೇ. ಗುಂಡಿಯಲ್ಲಿ ಗಂಡನನ್ನು ಹುಡುಕಲು ಹೋದ ಫ್ರಾಫ್ರಾ ಹೆಣ್ಣು, ಸಿಕ್ಕಿದ್ದು ಕುಂಟ ಪಾದ್ರಿ... ಇಪ್ಪತ್ತು ನುಡಿ ಕಟ್ಟಿದ್ದಾರೆ. ಒಂದೂ ಬರೆಯುವಂತಿಲ್ಲ.

ಗಂಟೆಯನ್ನು ಬೇವಿನ ಕೊಂಬೆಗೇ ಕಟ್ಟಿದೆವು, ತಕ್ಕಡಿಯ ಪಕ್ಕ. ಮಗು ಹುಟ್ಟಿದಾಗ ಹೊಡೆಯುವುದು. ಗಂಡಿಗೆ ಮೂರು, ಹೆಣ್ಣಿಗೆ ನಾಲ್ಕು, ಇಲ್ಲಿ ಎಲ್ಲ ಶಾಸ್ತ್ರಕ್ಕೂ ಇರುವ ಲೆಕ್ಕದ ಹಾಗೆ. ಪಾದ್ರಿ ಅಜ್ಜಿಯರಿಗೆ ಇದನ್ನು ಹೇಳಿದಾಗ ಒಬ್ಬರೂ ಗೋಪುರದ ಮಾತೆತ್ತಲಿಲ್ಲವಂತೆ. ಎಷ್ಟು ಸಲ ಹೊಡೆದಿರಿ ಅಂತ ಪ್ರತಿ ಸಲವೂ ತಿಳಿಸಬೇಕಂತೆ.

ಜೂನ್ 28

ಮಾಡು ಆಯಿತು. ದೀಪ ಆಯಿತು. ಜಿಲ್ಲೆಯಿಂದ ಒಪ್ಪಿಗೆಯ ಕಾಗದವೂ, ಉಸಿರು ತುಂಬುವ ಚೀಲವೂ ಬಂತು. ನಿನ್ನೆಯ ಮಳೆಗೆ ಒಂದು ಹನಿ ಸೋರಲಿಲ್ಲ. ಒಳಗೆ ಒಬ್ಬಳೇ ಕುಳಿತು ಮಳೆ ನಿಲ್ಲುವವರೆಗೂ ಮೇಲೆ ನೋಡುತ್ತಿದ್ದೆ. ಹಳ್ಳ ಮೊಣಕಾಲಿನವರೆಗೆ.

ಜುಲೈ 16

ಹಳ್ಳ ತುಂಬಿತು. ಆ ಕಡೆಯ ದಾರಿ ಇನ್ನಿಲ್ಲ.

ದೆರ್ ಫೋನಿಗೆ ಧ್ವನಿ ಕಳಿಸಿದ್ದಾರೆ. "ಏಯ್ ನಾಯಿತಿನ್ನಿ, ಆ ಕೋಣೇಲಿ ಮಲಗಿಬಿಟ್ಟೀಯ. ಹೆರೋರಿಗೂ ಸ್ವಲ್ಪ ಜಾಗ ಬಿಡು."

ಬೈಬಲ್ ಪೂರ್ತಿ ಉದುರಿಹೋಗಿದೆ. ಯಾರು ಹೇಳಿಕೊಟ್ಟರೋ. ಹತ್ತು ಸಲ ಕೇಳಿದೆ. ಕ್ಲೊತಿಲ್ಡಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಾಗ ಜೀವ ಬಾಯಿಗೆ ಬಂತು. ನೋವಲ್ಲ. ನಗುವೇ.

ಜುಲೈ 23, ಬೆಳಿಗ್ಗೆ ಹನ್ನೊಂದೂವರೆ

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಹೆಣ್ಣು. ಮೂರು ಕಿಲೊ ನೂರು ಗ್ರಾಂ.

ಹೊರಗೆ ಜಡಿಮಳೆ. ಒಳಗೆ ಒಣ ನೆಲ. ಬಂತು, ಅಳಲಿಲ್ಲ. ನೀಲಿ. ಕ್ಲೊತಿಲ್ಡಾ ತಲೆ ಎತ್ತಿ ನನ್ನ ಮುಖ ನೋಡಿದಳು, ಹೋದ ವರ್ಷದ ಹಾಗೆಯೇ. ಒರೆಸಿದೆ. ಬೆನ್ನು ತಿಕ್ಕಿದೆ. ಉಸಿರು ಚೀಲ ಅಲ್ಲೇ ಇತ್ತು, ಗೋಡೆಯ ಮೊಳೆಯಲ್ಲಿ, ನಾನೇ ತೂಗುಹಾಕಿದ ಜಾಗದಲ್ಲಿ. ಒಂದು ಸಲ ಒತ್ತಿದೆ. ಎರಡು. ಮೂರು... ಐದನೆಯದಕ್ಕೆ ಬೈಯುವ ಹಾಗೆ ಅತ್ತಿತು. ಆ ಸದ್ದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. ಗೆದ್ದೆ. ಗೆದ್ದೆವು.

ಮಳೆಯಲ್ಲೇ ಓಡಿ ಗಂಟೆ ಹೊಡೆದೆ. ನಾಲ್ಕು. ಹಳ್ಳದ ಆಚೆಗೂ ಕೇಳಿಸಿತಂತೆ. ದಕೂರಾ ಗೋಣಿ ಹೊದ್ದು ಬಂದು ಬಾಗಿಲಲ್ಲಿ ನಿಂತ. ಬೈಗುಳ ಹುಡುಕಿದ. ಸಿಗಲಿಲ್ಲ.

ಹೆಸರೇನೆಂದು ಒಬ್ಬರೂ ಕೇಳಲಿಲ್ಲ. ಹೋದದ್ದು ಬಂದಿದೆ. ದೆರ್.

ಪಾದ್ರಿಗೆ ಹೇಳಬೇಕು — ನಿಮ್ಮ ಹೆಸರು ಕದ್ದಿದ್ದೇವೆ, ಗಿನಿಕೋಳಿ ಕೊಟ್ಟು ಬಿಡಿಸಿಕೊಳ್ಳಿ ಎಂದು. ಅಜ್ಜಿಯರಿಗೂ, ನಾಲ್ಕು ಸಲ ಎಂದು. ತಾಯಿ ಮಗು ಇಬ್ಬರೂ ಮಲಗಿದ್ದಾರೆ. ನನಗೂ ಒಂದು ಲೋಟ ಗಂಜಿ —

ಕತ್ತೆಗಾಡಿ ಬರುತ್ತಿದೆ. ಕೆಳಗಿನ ಊರಿನವರು. ಟಾರ್ಪಾಲಿನ ಕೆಳಗೆ ಯಾರೋ ನರಳುತ್ತಿದ್ದಾರೆ. ಎರಡನೇ ಮಂಚಕ್ಕೆ ಬಟ್ಟೆ ಹಾಸಬೇಕು —