ಅರಿಸಿನವೂ ಔಷಧವೇ

ಸೋಮೇಶನ ತಂದೆಯವರಿಗೆ,

ನೀವು ತೀರಿಹೋದ ಮೇಲೂ ಮನೆಯ ಸುದ್ದಿಯನ್ನು ನಿಮಗೇ ಒಪ್ಪಿಸುವ ಅಭ್ಯಾಸ ಬಿಟ್ಟಿಲ್ಲ. ಚಾಮರಾಜನಗರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿಮ್ಮ ಸೊಸೆ ನಯನಾ ಒಳಗಿದ್ದಾಳೆ. ಹೃದಯದ ಕವಾಟ ಬದಲಿಸಿದಂದಿನಿಂದ ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ನುಂಗುತ್ತಾಳಲ್ಲ, ಬೆಳಿಗ್ಗೆಯಿಂದ ಅವಳ ಒಸಡಿನ ರಕ್ತ ನಿಲ್ಲುತ್ತಿಲ್ಲ.

"ಬೇರೆ ಏನಾದ್ರೂ ಔಷಧಿ ಕೊಡ್ತಿದ್ದೀರಾಮ್ಮ?" ಎಂದು ಡಾಕ್ಟರು ಕೇಳಿದರು.

"ಏನೂ ಇಲ್ಲ" ಅಂದೆ. ನಯನಾ ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

ಹೊರಗೆ ಬಂದ ಮೇಲೆ, ಗುಂಡ್ಲುಪೇಟೆಯ ಅಂಗಡಿಯಿಂದ ನಾನೇ ತಂದುಕೊಟ್ಟ ಅರಿಸಿನದ ಕ್ಯಾಪ್ಸೂಲು ನೆನಪಾಯಿತು. ಆಂಟಿಆಕ್ಸಿಡೆಂಟು, ಮೈಗೆ ಒಳ್ಳೆಯದು ಅಂದಿದ್ದ ಅಂಗಡಿಯವನು. ನಮ್ಮ ಹೊಲದಲ್ಲೇ ಬೆಳೆಯುವ ಅರಿಸಿನವನ್ನು ಔಷಧವೆಂದು ಯಾರು ಎಣಿಸುತ್ತಾರೆ? ಆದರೂ ಎದ್ದು ಹೋಗಿ ಹೇಳಿದೆ.

"ಸಾರಿಗೆ ಹಾಕೋ ಚಿಟಿಕೆ ಬೇರೆ, ಸತ್ವ ತೆಗೆದು ತುಂಬಿರೋ ಕ್ಯಾಪ್ಸೂಲ್ ಬೇರೆ. ಇವರ ಮಾತ್ರೆ ಜೊತೆ ಅದು ಸೇರಿದ್ರೆ ರಕ್ತಸ್ರಾವ ಜಾಸ್ತಿ ಆಗ್ಬೋದು" ಎಂದ ಡಾಕ್ಟರು, ತಕ್ಷಣ ಅದನ್ನು ನಿಲ್ಲಿಸಲು ಹೇಳಿ ರಕ್ತ ಪರೀಕ್ಷೆಗೆ ಬರೆದರು.

"ನಿಂಗೆ ಮೊದ್ಲೇ ಗೊತ್ತಿತ್ತೇನಮ್ಮಿ?" ಎಂದು ನಯನಾಳನ್ನು ಕೇಳಿದೆ.

"ಡಬ್ಬಿ ಮೇಲೆ ಬರ್ದಿತ್ತು ಅತ್ತೆ. ನೀವು ಕೊಟ್ಟಿದ್ದ ಬ್ಯಾಡ ಅನ್ನೋದು ಎಂಗೆ ಅಂತ ನುಂಗ್ಬುಟ್ಟೆ."

ನೀವೂ ನನಗೆ ಹೇಳಲು ಹೀಗೇ ಹಿಂಜರಿದಿರೇನೋ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ. ಎದೆನೋವು ಬಂದಾಗ ನೀವು ನಿಮ್ಮ ತಂಗಿಗೆ ಹೇಳಿದಿರಿ, ಮಗನಿಗೆ ಹೇಳಿದಿರಿ. ನನಗೆ ಹೇಳಲಿಲ್ಲ.

ರಿಪೋರ್ಟು ಇನ್ನೂ ಬಂದಿಲ್ಲ.