ಅರವತ್ತೊಂದು ಒಲೆಗಳು

ವಳಸಂಗ, ತಾಲೂಕು ಜತ್ತ
ರವಿವಾರ, ೧೨ ಅಕ್ಟೋಬರ್ ೨೦೨೫

ಪ್ರೀತಿಯ ಮಗಳು ವಿದ್ಯಾಳಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯವ್ವಾ? ಪುಣೆಯಲ್ಲಿ ಮಳೆ ನಿಂತಿತೇ? ಹೋದ ವಾರ ಫೋನಿನಲ್ಲಿ ನಿನ್ನ ದನಿ ಕಟ್ಟಿಹೋಗಿತ್ತು. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು ಎಂದಿದ್ದೆ, ಮಾಡಿರಲಿಕ್ಕಿಲ್ಲ, ನಿನ್ನನ್ನು ನಾನು ಬಲ್ಲೆ. ಅಳಿಯದೇವರು ಶಂಕರಲಿಂಗ ಅವರು ಆರಾಮ ಇದ್ದಾರೆ ಎಂದುಕೊಂಡಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಅಪ್ಪನವರಿಗೆ ಮೊಣಕಾಲು ಹಿಡಿದಿದೆ, ಆದರೂ ಜೋಳ ಬಿತ್ತುವ ದಿನ ಟ್ರ್ಯಾಕ್ಟರಿನ ಹಿಂದೆ ಹೊಲದ ತುಂಬಾ ಅಡ್ಡಾಡಿದರು. ಹೇಳಿದರೆ ಕೇಳುವ ಜೀವವೇ ಅದು? ಸೊಸೆ ದಾಕ್ಷಾಯಣಿಗೆ ಈಗ ಐದನೆಯ ತಿಂಗಳು, ನಿನ್ನ ತಮ್ಮ ಶಿವಪುತ್ರ ಮೊನ್ನೆ ಜತ್ತದ ದವಾಖಾನೆಗೆ ಕರೆದುಕೊಂಡು ಹೋಗಿ ತೋರಿಸಿ ಬಂದ. ಎಲ್ಲ ಬರೋಬರಿ ಇದೆಯಂತೆ.

ಯಾವಾಗಲೂ ಫೋನೇ ಮಾಡುವ ಅವ್ವ ಪತ್ರ ಯಾಕೆ ಬರೆದಳು ಎಂದು ನಿನಗೆ ಗಾಬರಿಯಾಗಬಹುದು. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿಗೆ ಬರೀ ಹೌದೇ ಬರುತ್ತದೆ, ಅದಕ್ಕೇ ಬರೆಯಲು ಕುಳಿತೆ. ಇದು ಮೂರನೆಯ ಸಲ ಬರೆಯುತ್ತಿರುವುದು, ಮೊದಲಿನ ಎರಡನ್ನು ಹರಿದು ಹಾಕಿದೆ. ನೀನು ಕಳಿಸಿದ ಕಾಗದ ಮಂಗಳವಾರವೇ ಮುಟ್ಟಿದೆ. ವಳಸಂಗದ ಅರವತ್ತೊಂದು ಮನೆಗಳಲ್ಲಿ ನಿಮ್ಮ ಕಂಪನಿಯ ಹೊಸ ಒಲೆ ದಿನಾಲೂ ಉರಿಯುತ್ತದೆ ಎಂದು ಅದರಲ್ಲಿ ಅಚ್ಚಾಗಿದೆ. ಕೆಳಗೆ ಮಹಿಳಾ ಬಚತಗಟದ, ಅಂದರೆ ನಮ್ಮ ಉಳಿತಾಯ ಸಂಘದ, ಅಧ್ಯಕ್ಷೆಯ ಸಹಿಗೆ ಜಾಗ ಬಿಟ್ಟಿದ್ದೀರಿ, ಆ ಅಧ್ಯಕ್ಷೆ ನಾನು. ಬರುವ ತಿಂಗಳು ಎಲ್ಲ ದೇಶದವರೂ ಹೊಗೆ ಕಡಿಮೆ ಮಾಡುವ ಮಾತಿಗೆ ಕೂಡುವ ಸಭೆಯಲ್ಲಿ ನೀನು ನಮ್ಮ ಊರಿನ ಹೆಸರು ಹೇಳಿ ಈ ಅಂಕಿ ಓದುತ್ತೀ. ಐದು ದಿನದಿಂದ ಆ ಕಾಗದ ದೇವರ ಮಾಡದಲ್ಲಿ ಕುಳಿತಿದೆ. ಪೆನ್ನು ತೆಗೆಯುತ್ತೇನೆ, ಇಡುತ್ತೇನೆ, ಎದ್ದು ಅಂಗಳ ಕಸ ಹೊಡೆಯುತ್ತೇನೆ. ಬೆಳಗ್ಗೆ ಒಂದು ಸಲ ಹೊಡೆದ ಅಂಗಳವನ್ನೇ ಮತ್ತೆ ಹೊಡೆಯುವುದು ನೋಡಿ ನಿಮ್ಮ ಅಪ್ಪನವರು ನಕ್ಕರು. ನಾನು ಸಹಿ ಮಾಡಿಲ್ಲ ವಿದ್ಯಾ.

ಹೋದ ಕಾರ್ತಿಕದಲ್ಲಿ ನೀನು ಒಲೆಗಳ ಗಾಡಿ ತಂದ ದಿನ ನಮ್ಮ ಕಟ್ಟೆಯ ಮೇಲೆ ಹೆಂಗಸರನ್ನೆಲ್ಲ ಕೂಡಿಸಿ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. ಇಲ್ಲಿ ಕಟ್ಟಿಗೆ ಕಡಿಮೆ ಉರಿದರೆ ಎಷ್ಟು ಹೊಗೆ ಉಳಿಯಿತೆಂದು ಎಣಿಸುತ್ತಾರೆ, ಆ ಎಣಿಕೆಗೆ ಕಾರ್ಬನ್ ಕ್ರೆಡಿಟ್ ಎನ್ನುತ್ತಾರೆ, ಸಮುದ್ರದಾಚೆಯ ಕಾರ್ಖಾನೆಯವರು ಅದನ್ನು ಕೊಂಡು ತಮ್ಮ ಸರ್ಕಾರಕ್ಕೆ ತೋರಿಸುತ್ತಾರೆ, ಅದಕ್ಕೇ ನಮಗೆ ಒಲೆ ಪುಕ್ಕಟೆ. “ಎರಡೂ ದೇಶದ ಸರ್ಕಾರ ಕರಾರು ಬರ್ಕೊಂಡಾವ್ರಿ, ಒಂದ ಹೊಗಿ ಎರಡ ಸಲ ಎಣಸಂಗಿಲ್ಲ” ಎಂದು ನೀನು ಬೆರಳೆತ್ತಿ ಹೇಳಿದೆ. ಪಕ್ಕದ ಮನೆಯ ಸಿದ್ದಲಿಂಗವ್ವ “ಹಂಗಾರ ನಮ್ಮ ಹೊಗಿ ಇಮಾನದಾಗ ಹೋಕ್ಕೈತೇನ?” ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ. ಆದರೆ ನಮ್ಮ ಎಣಿಕೆ ಹಿಡಿದುಕೊಂಡು ಆ ಕಾರ್ಖಾನೆಯವರು ಏನು ಮಾಡುತ್ತಾರೆ ಎಂದು ಅಂದು ಯಾರೂ ಕೇಳಲಿಲ್ಲ. ತಮ್ಮ ಹೊಗೆ ಬಿಡುತ್ತಾರೆ. ವಳಸಂಗದಲ್ಲಿ ನಿಂತಿದೆ ಎಂಬ ನಂಬಿಕೆಯ ಮೇಲೆ ಅಲ್ಲಿ ಬಿಡುತ್ತಾರೆ. ಇಲ್ಲಿಯದೂ ನಿಂತಿರದಿದ್ದರೆ? ಎರಡು ಸಲ ಎಣಿಸಬಾರದೆಂದು ದೊಡ್ಡ ಸರ್ಕಾರಗಳು ಕರಾರು ಬರೆದುಕೊಂಡವು, ಇಲ್ಲಿ ನಾನು ಒಂದು ಸಲವೂ ನೆಟ್ಟಗೆ ಎಣಿಸಿರಲಿಲ್ಲ.

ಗುರುವಾರ ಮುಂಜಾನೆ, ಸಹಿ ಮಾಡುವ ಮೊದಲು ಕಣ್ಣಿನಿಂದ ನೋಡಿಯಾದರೂ ಬರೋಣ ಎಂದು, ತಿಂಗಳಿಗೊಮ್ಮೆ ಒಲೆಗಳ ಲೆಕ್ಕ ಬರೆಯುವ ವಹಿ ಹಿಡಿದು ಹೊರಟೆ. ಇಷ್ಟು ತಿಂಗಳೂ ಬಾಗಿಲಲ್ಲೇ ನಿಂತು “ಒಲಿ ಚಲೋ ಐತಿಲ್ಲವಾ?” ಎನ್ನುತ್ತಿದ್ದೆ, “ಭಾಳ ಚಲೋ ಐತ್ರಿ” ಎಂದರೆ ವಹಿಯಲ್ಲಿ ರೈಟ್ ಹಾಕಿ ಮುಂದಿನ ಮನೆ. ಈ ಸಲ ಅಡುಗೆ ಮನೆಯೊಳಗೇ ಹೊಕ್ಕೆ. ಮೊದಲ ಮನೆಯಲ್ಲಿ ಒಲೆಯ ಮೇಲೆ ಬೀಜದ ಉಳ್ಳಾಗಡ್ಡಿಯ ಬುಟ್ಟಿ. ಕುರಿ ಕಾಯುವ ಮಾಳುನ ಮನೆಯಲ್ಲಿ ಒಲೆ ಬಂದ ಪೆಟ್ಟಿಗೆಯೊಳಗೆ ಕೋಳಿ ಕಾವು ಕುಳಿತಿತ್ತು, ಒಲೆ ಪಕ್ಕದಲ್ಲಿ ಅದಕ್ಕೆ ಕಾವಲು ಕುಳಿತಿತ್ತು. ಸಿದ್ದಲಿಂಗವ್ವನಂತೂ ಒಲೆಯನ್ನು ತಿಕ್ಕಿ ತೊಳೆದು ವಿಭೂತಿ ಬಳಿದು ದೇವರ ಕೋಣೆಯಲ್ಲಿ ಇಟ್ಟಿದ್ದಾಳೆ. “ಮಸಿ ಹಿಡದೀತಂತ ಹಚ್ಚಿಲ್ಲಕ್ಕಾ, ನಮ್ಮ ವಿದ್ಯಾ ತಂದದ್ದದು” ಎಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಣ್ಣಿನ ಒಲೆ ಮಾತ್ರ ಇಂಥ ಮನೆಗಳಲ್ಲೆಲ್ಲ ಬೆಚ್ಚಗಿತ್ತು.

ಅವರದೂ ತಪ್ಪಿಲ್ಲ. ರೊಟ್ಟಿ ಹೆಂಚಿನ ಮೇಲೆ ಅರ್ಧ ಬೆಂದ ಮೇಲೆ ಕೆಂಡ ಮುಂದಕ್ಕೆ ಎಳೆದು, ಅದರೆದುರು ನಿಲ್ಲಿಸಿದರೇ ಉಬ್ಬುವುದು. ನಿನ್ನ ಒಲೆಯ ಬಾಯಿ ಮುಷ್ಟಿಯಷ್ಟು, ಕೆಂಡ ಎಲ್ಲಿ ಎಳೆಯಬೇಕು? ಒಲೆ ಪಾಸು ಮಾಡುವಾಗ ನಿಮ್ಮ ಸಾಹೇಬರು ಐದು ಲೀಟರು ನೀರು ಕುದಿಸಿ ಗಡಿಯಾರ ನೋಡಿದ್ದರು ಎಂದು ನೀನೇ ಹೇಳಿದ್ದೆ. ನಾವು ಬರೀ ನೀರು ಕುದಿಸಿ ಕುಡಿದು ಮಲಗುವವರೇನೇ? ಗ್ಯಾಸು ಇದ್ದವರೂ ಅದನ್ನು ಚಹಾಕ್ಕೂ ಬೀಗರು ಬಂದಾಗಿನ ಅಡುಗೆಗೂ ಇಟ್ಟುಕೊಂಡಿದ್ದಾರೆ, ರೊಟ್ಟಿಗೆ ಕಟ್ಟಿಗೆಯೇ. ಇಷ್ಟು ಓದಿದ ನನ್ನ ಮಗಳಿಗೆ ಜೋಳದ ರೊಟ್ಟಿ ಹೇಗೆ ನೆನಪಾಗಲಿಲ್ಲ ಎಂದು ಸಿಟ್ಟೂ ಬಂತು, ಬರೆದೇ ಬಿಟ್ಟೆ ನೋಡು.

ಹಾಗಾದರೆ ಎಲ್ಲರೂ ಯಾಕೆ ಚಲೋ ಐತಿ ಎಂದರು? ಯಾವ ಆಸೆಗೂ ಅಲ್ಲ. ತವರಿಗೆ ಬಂದ ಮಗಳನ್ನು ಬರಿಯ ಉಡಿಯಲ್ಲಿ ಕಳಿಸುವ ಊರಲ್ಲ ಇದು. ಅಂದು ನೀನು ಹೊರಟಾಗ ಮನೆ ಮನೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಇಟ್ಟು ನಿನ್ನ ಉಡಿ ತುಂಬಿದರಲ್ಲ, ಅದೇ ಕೈಯಿಂದ ಹೌದನ್ನೂ ಹಾಕಿ ಕಳಿಸಿದರು. ದೀಪಾವಳಿ ಆದ ಮೇಲೆ ಹೊರಗಿನ ಪರೀಕ್ಷಕರು ಒಲೆ ನೋಡಲು ಬರುತ್ತಾರೆಂಬ ಸುದ್ದಿ ಊರಿಗೆ ಮುಟ್ಟಿದೆ. “ಅವರ ಬರೂ ದಿನ ಎಲ್ಲಾರೂ ಹೊಸ ಒಲೀನ ಹಚ್ಚತೀವಿ, ನಮ್ಮ ಹುಡುಗಿ ಮಾರಿ ಕೆಳಗ ಆಗಬಾರದು” ಎಂದು ಸಿದ್ದಲಿಂಗವ್ವ ಓಣಿಯ ತುಂಬಾ ಹೇಳಿ ಬಂದಿದ್ದಾಳೆ. ಇಂಥ ಪ್ರೀತಿಯನ್ನು ಹೇಗೆ ಬೈಯುವುದು? 

ಹರಿಬಾನ ಹೆಂಡತಿ ಶೇವಂತಾ ಗೊತ್ತಲ್ಲ, ನಮ್ಮ ಹೊಲಕ್ಕೆ ಕಳೆಗೆ ಬರುವವಳು. ಹೊಸ ಒಲೆ ಹಚ್ಚುವ ಮನೆಗಳೂ ಕೆಲವು ಇವೆ, ಅವಳಂತೂ ಮೊದಲ ದಿನದಿಂದ ಅದನ್ನೇ ಹಚ್ಚಿದ್ದಾಳೆ. ಕಟ್ಟಿಗೆಗೆ ಹೋದರೆ ಅವಳ ಅರ್ಧ ದಿನದ ಕೂಲಿ ಹೋಗುತ್ತದೆ, ಈ ಒಲೆಗೆ ನಾಲ್ಕು ಪುಳ್ಳೆ ಸಾಕು. ರೊಟ್ಟಿಯನ್ನು ಹೆಂಚಿನ ಮೇಲೆಯೇ ಬಟ್ಟೆಯಿಂದ ಒತ್ತಿ ಬೇಯಿಸಿಕೊಳ್ಳುತ್ತಾಳೆ. ಅವಳ ಒಲೆಯ ಒಳಗೆ ಪುಳ್ಳೆ ಇಡುವ ಕಬ್ಬಿಣದ ಜಾಳಿಗೆ ಶ್ರಾವಣದಲ್ಲೇ ಸುಟ್ಟು ಹರಿದಿದೆ. ಕಲ್ಲು ಇಟ್ಟು ಹೇಗೋ ಉರಿಸುತ್ತಾಳೆ, ಪುಳ್ಳೆ ಈಗ ಮೊದಲಿನ ಎರಡರಷ್ಟು ಬೇಕು, ಮತ್ತೆ ಗುಡ್ಡಕ್ಕೆ ಹೋಗತೊಡಗಿದ್ದಾಳೆ. ಯಾಕೆ ಹೇಳಲಿಲ್ಲ ಎಂದರೆ, “ನಿಮ್ಮ ಮಗಳ ಒಲಿಗಿ ಹೆಂಗ ಕೆಟ್ಟ ಹೆಸರ ತರೂದು ಅಂತ ಸುಮ್ನಿದ್ದೆರಿ ಅಕ್ಕಾರ” ಎಂದಳು. ವಹಿ ತೆಗೆದು ನೋಡಿದೆ, ಅವಳ ಹೆಸರಿನ ಮುಂದೆ ಆಗಸ್ಟಿಗೂ ರೈಟ್, ಸೆಪ್ಟೆಂಬರಿಗೂ ರೈಟ್, ನನ್ನದೇ ಕೈ. ಎಲ್ಲವೂ ನೆಟ್ಟಗಿರುವ ಊರಿಗೆ ರಿಪೇರಿಯವನು ಯಾಕೆ ಬರುತ್ತಾನೆ? ಆ ಮನೆಯಿಂದ ಹೊರಗೆ ಬಂದಾಗ ನನಗೆ ಮುಖ ಎತ್ತಲು ಆಗಲಿಲ್ಲ.

ಅದಕ್ಕೇ ಹೊಸ ಹಾಳೆಯಲ್ಲಿ ಮನೆಯವರ ಹೆಸರು ಸಮೇತ ಎಲ್ಲ ಬರೆದು ಇದರ ಜೊತೆ ಇಟ್ಟಿದ್ದೇನೆ. ದಿನಾಲೂ ಹೊಸ ಒಲೆ ಹಚ್ಚುವ ಮನೆ ಇಪ್ಪತ್ತನಾಲ್ಕು. ಅದರ ಕೆಳಗೆ ಸಹಿ ಮಾಡಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನಾನು ನಿನ್ನ ಒಲೆಯನ್ನೂ ಹಾಗೆಯೇ ಮುದ್ದು ಮಾಡಿ ಕೆಡಿಸಿದೆ. ಇದನ್ನು ತೋರಿಸಿದರೆ ನಿನ್ನ ಸಾಹೇಬರು ಏನೆನ್ನುತ್ತಾರೋ, ನಿನ್ನನ್ನು ಆ ಸಭೆಗೆ ಕಳಿಸುತ್ತಾರೋ ಇಲ್ಲವೋ, ನೌಕರಿಗೇ ಸಂಚಕಾರ ಬರುತ್ತದೋ. ನನಗೆ ಹೆದರಿಕೆ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಅಷ್ಟು ದೇಶದವರ ಮುಂದೆ ನಿಂತು ನೀನು ಅರವತ್ತೊಂದು ಎಂದು ಓದುವುದನ್ನು ನೆನೆದರೆ ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತದೆ. ಅಲ್ಲಿ ಇಪ್ಪತ್ತನಾಲ್ಕನ್ನೇ ಓದು, ಉಳಿದವರು ಯಾಕೆ ಹಚ್ಚಲಿಲ್ಲ ಎಂಬುದನ್ನೂ ಓದು. ಬಾಯಿ ಅಗಲವಿರುವ ಒಲೆ ಮಾಡಿಸಿ ತಂದರೆ ಮೊದಲ ರೊಟ್ಟಿ ನಾನು ಬಡಿದು ತೋರಿಸುತ್ತೇನೆ. ಶೇವಂತಾಳ ಜಾಳಿಗೆ ಮಾತ್ರ ಲಗೂನ ಕಳಿಸು, ಅದಕ್ಕೆ ಯಾರ ಸಭೆಯೂ ಬೇಡ.

ಮನಸ್ಸಿಗೆ ಹಚ್ಚಿಕೊಂಡು ಊಟ ಬಿಡಬೇಡ. ಅಳಿಯದೇವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಗುಡ್ಡಾಪುರದ ದಾನಮ್ಮ ತಾಯಿ ನಿನ್ನ ಬೆನ್ನಿಗಿರಲಿ, ನಿನ್ನ ನಾಲಿಗೆಗೂ ಗಟ್ಟಿತನ ಕೊಡಲಿ.

ನಿನ್ನ ಅವ್ವ,
ಇಂದ್ರಾಬಾಯಿ

ತಾ.ಕ.: ಅಂಟು ಹಚ್ಚುವ ಮೊದಲು ದಾಕ್ಷಾಯಣಿಗೆ ಓದಲು ಕೊಟ್ಟಿದ್ದೆ. ಓದಿ ಮಡಚಿ ಕೊಡುತ್ತ, “ಅತ್ತೀ, ಇಪ್ಪತ್ನಾಲ್ಕರಾಗ ನಮ್ಮ ಮನೀನೂ ಹಿಡದೀರೇನ್ರಿ?” ಎಂದಳು. ಹಿಡಿದಿದ್ದೆ. ಊರಿನ ಅಡುಗೆ ಮನೆಗಳನ್ನೆಲ್ಲ ಹೊಕ್ಕು ಬಂದವಳು ನಮ್ಮದನ್ನು ನೋಡದೆ ರೈಟ್ ಹಾಕಿದ್ದೆ. ಸಂಕ್ರಾಂತಿಯಿಂದ ನಿನ್ನ ಒಲೆ ನಮ್ಮಲ್ಲಿ ಹಚ್ಚಿಲ್ಲ ವಿದ್ಯಾ. ಹಾಳೆಯಲ್ಲಿ ಅದನ್ನು ಹೊಡೆದು ಹಾಕಿ ಇಪ್ಪತ್ತಮೂರು ಮಾಡಿದ್ದೇನೆ. ಯುಗಾದಿಗೆ ಬಂದಾಗ ಹೊಸ ಒಲೆಯ ಪಕ್ಕದಲ್ಲಿ ನನ್ನನ್ನು ಕೂಡಿಸಿ, ಉಬ್ಬಿದ ರೊಟ್ಟಿ ಕೈಯಲ್ಲಿ ಕೊಟ್ಟು ಫೋಟೋ ತೆಗೆದೆಯಲ್ಲ, ಆ ರೊಟ್ಟಿ ಹಿತ್ತಲಿನ ಮಣ್ಣಿನ ಒಲೆಯದು. ನೀನು ಜಳಕಕ್ಕೆ ಹೋದಾಗ ಬೇಯಿಸಿ ತಂದಿಟ್ಟಿದ್ದೆ. ಆ ಫೋಟೋವನ್ನು ಅಲ್ಲಿ ತೋರಿಸಬೇಡವ್ವಾ.