ಇಲ್ಲಿ ಜಾಗವಿಲ್ಲ, ಮುಂದೆ ಹೋಗಿ

ಹದಿನೆಂಟನೇ ಬೀದಿ, ಷಿಕಾಗೊ
ಡಿಸೆಂಬರ್ ೧೭

ನನ್ನ ಮಗಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡ ಕೋಮಾದ್ರೆ ಎಲೋದಿಯಾಳಿಗೆ ಬಿಗಿಯಾದ ಅಪ್ಪುಗೆ.

ಆಗಸ್ಟ್‌ನಿಂದ ನಿನ್ನ ಫೋನು ಬಂದಾಗಲೆಲ್ಲ ಎತ್ತದೆ ತಪ್ಪಿಸಿಕೊಂಡೆ. ಯಾಕೆಂದು ಹೇಳುತ್ತೇನೆ, ತಡಿ. ಈ ಕ್ರಿಸ್‌ಮಸ್ ಮುನ್ನಾದಿನ ನೀನು ಬರಲೇಬೇಕು. ಕೇಳಬೇಕಾದದ್ದು ಅಷ್ಟೇ, ಉಳಿದದ್ದೆಲ್ಲ ಪೀಠಿಕೆ.

ನೀನು ಸಿಸೆರೊಗೆ ಹೋದಮೇಲೆ ನಮ್ಮ ಬೀದಿ ಇನ್ನೂ ಚಂದವಾಗಿದೆ, ಸುಡುಗಾಡು ಚಂದ! ತೋರ್ತಿಯಾ ರೊಟ್ಟಿಯ ಅಂಗಡಿ ಈಗ ಕಾಫಿ ಅಂಗಡಿ. ಹಳೇ ಸ್ಪ್ಯಾನಿಷ್ ಬೋರ್ಡನ್ನು ಮಾತ್ರ ಅಂದಕ್ಕೆಂದು ಹಾಗೇ ಬಿಟ್ಟಿದ್ದಾರೆ. ನಮ್ಮ ಹೆಸರು ಬೇಕು, ನಾವು ಬೇಡ.

ನಿನ್ನೆ ಸಂಜೆ ಮೊದಲ ಪೊಸಾದ, ಬಾಗಿಲು ಬಾಗಿಲಿಗೆ ಹೋಗಿ ತಂಗಲು ಜಾಗ ಬೇಡುವ ನಮ್ಮ ಕ್ರಿಸ್‌ಮಸ್ ಮೆರವಣಿಗೆ. ಮರಿಯಮ್ಮ, ಜೋಸೆಫರ ಬೊಂಬೆ ಹೊತ್ತು, ಮೇಣದಬತ್ತಿ ಹಿಡಿದು ಹೊರಟವರು ಇಪ್ಪತ್ತೇ ಜನ. ಮೂವತ್ತೊಂದು ವರ್ಷದ ಅಭ್ಯಾಸ ನೋಡು, ಕಾಲುಗಳು ನೇರ ನಿನ್ನ ಹಳೇ ಬಾಗಿಲಿಗೇ ಹೋಗಿ ನಿಂತವು. ನಮಗೆ ಅರಿವಾಗುವ ಮೊದಲೇ ಚಪ್ಪಲಿ ಹೊಲಿಯುವ ದೋನ್ ಫಿದೆನ್ಸಿಯೊ ಕಣ್ಣುಮುಚ್ಚಿ ಹಾಡು ಎತ್ತಿಬಿಟ್ಟ, ಬಸುರಿ ಹೆಂಡತಿ ಜೊತೆಗಿದ್ದಾಳೆ, ಒಂದಿಷ್ಟು ಜಾಗ ಕೊಡಿ ಎಂದು. ಮೊದಲ ಚರಣ ಮುಗಿದಿರಲಿಲ್ಲ, ಬಾಗಿಲು ತೆರೆಯಿತು. ನಿನ್ನ ಮನೆಗೆ ಬಂದ ಹೊಸ ಹುಡುಗಿ, ಕಂಕುಳಲ್ಲಿ ನಾಯಿಮರಿ. "ಅಯ್ಯೋ, ಎಷ್ಟ್ ಚಳಿ! ಎಲ್ರೂ ಒಳಗ್ ಬನ್ನಿ" ಅಂದಳು.

ನಾವೆಲ್ಲ ಕಕ್ಕಾಬಿಕ್ಕಿ. ಕೇಳಿದ ತಕ್ಷಣ ನಮ್ಮನ್ನು ಯಾರಾದರೂ ಒಳಗೆ ಕರೆದದ್ದುಂಟೆ? "ಬಾಗ್ಲು ಹಾಕಮ್ಮಾ!" ಎಂದು ಗದರಿದ ಫಿದೆನ್ಸಿಯೊ. "ಮೊದ್ಲು ಇಲ್ಲ ಅಂತ ಬೈದು ಓಡಿಸ್ಬೇಕು ನೀನು. ಕರಿಯೋದು ಕೊನೇಲಿ!" ಪಾಪ, ಅವಳು ಬಾಗಿಲು ಹಾಕಿಕೊಂಡು ಒಳಗಿನಿಂದಲೇ "ಏನಂತ ಬೈಲಿ?" ಎಂದು ಕೂಗಿದಳು. ನಕ್ಕು ನಕ್ಕು ನನ್ನ ಮೇಣದಬತ್ತಿ ಆರಿಹೋಯಿತು.

ಇಲ್ಲವೆಂದು ಓಡಿಸುವ ಒಳಗಿನವರ ಹಾಡು ನಿನ್ನನ್ನು ಬಿಟ್ಟರೆ ನನಗೇ ತಾನೆ ಬರುವುದು? ಎಲ್ಲರೂ ನನ್ನನ್ನು ಒಳಕ್ಕೆ ತಳ್ಳಿದರು. ನಿನ್ನ ಅಡುಗೆಮನೆಯ ಹಳದಿ ಗೋಡೆ ಬೂದು ಆಗಿದೆ ಕಣೇ. ಮುಚ್ಚಿದ ಬಾಗಿಲ ಹಿಂದೆ ನಿಂತು, ಇಲ್ಲಿ ಜಾಗವಿಲ್ಲ, ಮುಂದೆ ಹೋಗಿ ಎಂದು ಹಾಡಿದೆ. ಎರಡನೇ ಸಾಲಿಗೆ ಅತ್ತುಬಿಟ್ಟೆ.

ಮನೆ ಖಾಲಿ ಮಾಡಬೇಕೆಂಬ ಕಾಗದ ಹಿಡಿದು ಆಗಸ್ಟ್‌ನಲ್ಲಿ ನೀನು ಬಂದು, ನಮ್ಮ ನೆಲಮಾಳಿಗೆಯ ಕೋಣೆ ನಾಲ್ಕು ತಿಂಗಳಿಗೆ ಸಿಕ್ಕೀತೇ ಎಂದಾಗ ನಾನು ಹೇಳಿದ್ದೂ ಇದನ್ನೇ. ರಾಗವೊಂದು ಇರಲಿಲ್ಲ. ಪೈಪು ಒಡೆದು ನೀರು ನಿಂತಿದೆ ಅಂದೆ. "ಇರ್ಲಿ ಬಿಡೇ, ನಿನ್ ತಾಪತ್ರಯ ನಿಂಗೆ" ಎಂದು ನೀನೇ ನನ್ನನ್ನು ಸಮಾಧಾನ ಮಾಡಿ ಹೋದೆ.

ನಾನು ಅಳುವುದೂ ಹಾಡಿನಲ್ಲೇ ಇದೆ ಎಂದುಕೊಂಡು ಆ ಹುಡುಗಿ ತಾನೂ ಕಣ್ಣೊರೆಸಿಕೊಂಡಳು. ಆಮೇಲೆ ಬಾಗಿಲು ತೆಗೆದೆವು. ಅವಳ ಹತ್ತಿರ ಇದ್ದದ್ದು ಬಿಸ್ಕತ್ತು ಮಾತ್ರ, ಅದನ್ನೇ ಹಂಚಿದಳು. ಇಷ್ಟು ದಿನ ನಮ್ಮವರ ಮನೆಗಳಿಗೆ ಬಂದು ಸೇರುವ ಅವಳಂಥ ಹೊಸಬರನ್ನೇ ಶಪಿಸುತ್ತಿದ್ದೆ. ನಿನ್ನೆ ಆಗಲಿಲ್ಲ.

ಬಾ. ತಮಾಲೆ ನಾನೇ ಮಾಡುತ್ತೇನೆ, ಹಿಟ್ಟು ಗಟ್ಟಿಯಾಯಿತೆಂದು ನೀನು ಮೂಗು ಮುರಿ, ಪರವಾಗಿಲ್ಲ.

ಮುಖ ತೋರಿಸಲು ನಾಚುತ್ತಿರುವ
ಎರ್ಲಿಂಡಾ

ತಾ.ಕ.: ಪೈಪು ಒಡೆದಿರಲಿಲ್ಲ. ಆ ಕೋಣೆಯನ್ನು ಹೊಸದಾಗಿ ಬಂದ ಒಬ್ಬ ಫೋಟೋಗ್ರಾಫರನಿಗೆ ದುಪ್ಪಟ್ಟು ಬಾಡಿಗೆಗೆ ಕೊಟ್ಟಿದ್ದೆ. ಅವನು ಹೋದ ತಿಂಗಳು ಬಿಟ್ಟ. ಬೀಗದ ಕೈ ಈ ಲಕೋಟೆಯಲ್ಲಿದೆ. ಬಾಗಿಲು ತಟ್ಟಬೇಡ, ಕೇಳಬೇಡ. ಬೈಯುವುದಿದ್ದರೆ ಒಳಗೆ ಬಂದು ಬೈ.